ನಾಲ್ಕು ಪತ್ರಿಕೆ, ಒಂದು ಮನೆ
(ಬಾನುಲಿ ಭಾಷಣ)

ಮೂವತ್ತಾರನೆಯ ವಯಸ್ಸಿನಲ್ಲಿ ಪರೀಕ್ಷೆಗೆ ಓದಲು ಕುಳಿತವರ ಪಾಡು ಹದಿನಾರರ ಹುಡುಗರ ಪಾಡಿನಂತಲ್ಲ. ಹುಡುಗರು ತೂಕಡಿಸಿದರೆ ತಾಯಿ ಚಹಾ ಕಾಸಿ ತಂದಿಡುತ್ತಾಳೆ. ನಮ್ಮಂಥವರು ತೂಕಡಿಸಿದರೆ, "ಈ ವಯಸ್ಸಿನಾಗ ಇದೆಲ್ಲ ಯಾಕ ಬೇಕಿತ್ತು" ಎಂಬ ಮಾತು ಅಡುಗೆಮನೆಯ ಕಡೆಯಿಂದ ಕೇಳಿಬರುತ್ತದೆ. ಮಾತಿನಲ್ಲಿ ಕಹಿಯಿಲ್ಲ, ನಿಜ. ಆದರೆ ಉತ್ತರವೂ ನಮ್ಮ ಬಳಿ ಇರುವುದಿಲ್ಲ.

ಏಳು ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯವೃತ್ತಿ ಮಾಡಿ, ಆಮೇಲೆ ನಾನು ಸಮುದಾಯ ವೈದ್ಯಶಾಸ್ತ್ರದ ಸ್ನಾತಕೋತ್ತರ ಪದವಿಗೆಂದು ಕಲಬುರಗಿಗೆ ಬಂದೆ. ಬಂಧುಗಳಿಗೆ ಈ ಶಾಸ್ತ್ರದ ಹೆಸರನ್ನು ತಿಳಿಸಿ ಹೇಳುವುದೇ ಒಂದು ಪರೀಕ್ಷೆಯಾಗಿತ್ತು. ಹೃದಯದ ಡಾಕ್ಟರೋ, ಕಣ್ಣಿನ ಡಾಕ್ಟರೋ ಎಂದು ಕೇಳುವರು. ಅಲ್ಲ, ಊರಿನ ಡಾಕ್ಟರು ಎಂದರೆ, "ಅದು ಮೊದಲೇ ಆಗಿದ್ರೆಲ್ಲ" ಎನ್ನುವರು. ಅವರ ತರ್ಕದಲ್ಲಿ ದೋಷ ಹುಡುಕುವುದು ಕಷ್ಟ. ನನ್ನನ್ನು ಈ ಕಡೆಗೆ ತಿರುಗಿಸಿದ್ದು 2020ರ ಮಾರ್ಚ್ ತಿಂಗಳು. ದೇಶದಲ್ಲಿ ಕೋವಿಡ್‌ನಿಂದ ಸಂಭವಿಸಿದ ಮೊದಲ ಸಾವೆಂದು ದಾಖಲಾದದ್ದು ಕಲಬುರಗಿಯ 76 ವರ್ಷದ ಒಬ್ಬ ವೃದ್ಧರದು. ಮಾರ್ಚ್ 10ರಂದು ಅವರು ತೀರಿಕೊಂಡರು. ಆ ದಿನಗಳಲ್ಲಿ ನನ್ನ ಕೇಂದ್ರದ ಬಾಗಿಲಿಗೆ ಬಂದವರು ಕೇಳಿದ ಪ್ರಶ್ನೆಗಳಲ್ಲಿ ಒಂದಕ್ಕೂ ನಾನು ಕಲಿತ ಔಷಧಿಗಳಲ್ಲಿ ಉತ್ತರವಿರಲಿಲ್ಲ. ಯಾರು ಯಾರ ಮನೆಗೆ ಹೋಗಿದ್ದರು, ಎಷ್ಟು ದಿನ ದೂರವಿರಬೇಕು, ಕೂಲಿ ಇಲ್ಲದಿದ್ದರೆ ಉಣ್ಣುವುದೇನು, ಇವು ಬೇರೆ ಬಗೆಯ ಪ್ರಶ್ನೆಗಳು.

ಪರೀಕ್ಷೆಯ ಸ್ವರೂಪವನ್ನು ಸ್ವಲ್ಪ ಹೇಳಬೇಕು. ಮೂರು ವರ್ಷಗಳ ಓದಿನ ಕೊನೆಯಲ್ಲಿ ಎಲ್ಲವೂ ಒಟ್ಟಿಗೇ ಬರುತ್ತದೆ. ಮೂರು ಮೂರು ಗಂಟೆಗಳ ನಾಲ್ಕು ಪತ್ರಿಕೆಗಳು. ಅನಂತರ ಪ್ರಾಯೋಗಿಕ ಪರೀಕ್ಷೆ. ಒಂದು ಕುಟುಂಬವನ್ನು ಕಂಡು ಅದರ ಆರೋಗ್ಯವನ್ನೂ ಅನಾರೋಗ್ಯವನ್ನೂ ವಿವರಿಸಬೇಕು. ಸಾಂಕ್ರಾಮಿಕದ ಲೆಕ್ಕ, ಸಂಖ್ಯಾಶಾಸ್ತ್ರದ ಲೆಕ್ಕ ಬಿಡಿಸಬೇಕು. ಮೇಜಿನ ಮೇಲಿಟ್ಟ ಸೊಳ್ಳೆ, ಲಸಿಕೆಯ ಸೀಸೆ, ಹುಳು, ಕಾಳುಗಳನ್ನು ಗುರುತಿಸಬೇಕು. ಕೊನೆಗೆ ಪರೀಕ್ಷಕರ ಎದುರು ಮೌಖಿಕ. ವಿಷಯಕ್ಕೆ ಎಲ್ಲೆಯೇ ಇಲ್ಲ. ಕುಡಿಯುವ ನೀರಿನ ಕ್ಲೋರಿನ್‌ನಿಂದ ಹಿಡಿದು ಕಾರ್ಖಾನೆಯ ದೂಳಿನವರೆಗೆ, ತೊಗರಿಯ ಪ್ರೋಟೀನಿನಿಂದ ಜನಗಣತಿಯವರೆಗೆ, 1946ರ ಭೋರ್ ಸಮಿತಿಯ ವರದಿಯಿಂದ 1978ರ ಅಲ್ಮಾ ಆಟಾ ಘೋಷಣೆಯವರೆಗೆ ಎಲ್ಲವೂ ನಮ್ಮದೇ. ಪಾರ್ಕ್ ಅವರ ದಪ್ಪ ಪುಸ್ತಕ ನಮ್ಮ ಮನೆದೇವರು. 1970ರಲ್ಲಿ ಮೊದಲು ಅಚ್ಚಾದ ಈ ಗ್ರಂಥ ಜಬಲ್ಪುರದಿಂದ ಬರುತ್ತದೆ. ಪ್ರತಿ ಆವೃತ್ತಿಗೂ ಮೈ ತುಂಬಿಕೊಳ್ಳುತ್ತ ಹೋಗಿದೆ. ಅದನ್ನು ಎದೆಯ ಮೇಲಿಟ್ಟುಕೊಂಡು ಮಲಗಿ ಓದುವವರಿಗೆ ಉಸಿರಾಟದ ತೊಂದರೆ ಬಂದರೆ ಅದೂ ವೃತ್ತಿಜನ್ಯ ರೋಗವೇ ಎಂದು ನಾವು ನಗುತ್ತಿದ್ದೆವು.

ಬ್ರಹ್ಮಪುರದ ಕಡೆ ಒಂದು ಮಾಳಿಗೆಯ ಕೋಣೆ ನನ್ನದು. ನಸುಕಿನ ನಾಲ್ಕಕ್ಕೆ ಎದ್ದು ಎಂಟರವರೆಗೆ ಓದುವುದು, ಸಂಜೆ ಮತ್ತೆ ಏಳರಿಂದ ಹನ್ನೊಂದು. ಕಲಬುರಗಿಯ ಬೇಸಿಗೆಯಲ್ಲಿ ನಡುವಿನ ಹೊತ್ತು ಯಾವ ಕೆಲಸಕ್ಕೂ ಬರುವುದಿಲ್ಲ. ಉಷ್ಣಮಾಪಕ 42ನ್ನು ದಾಟಿದ ಮೇಲೆ ಅಕ್ಷರಗಳು ಕಾಗದದ ಮೇಲೆ ನಿಲ್ಲುವುದಿಲ್ಲ. ಹೋಳಿಯ ಬೆನ್ನಿಗೆ ಶರಣಬಸವೇಶ್ವರರ ಜಾತ್ರೆ ಬಂತೆಂದರೆ ರಾತ್ರಿಯ ಓದೂ ಕೈಬಿಟ್ಟಂತೆ. ಒಂದು ರಾತ್ರಿ ಕ್ಷಯರೋಗದ ಅಧ್ಯಾಯವನ್ನು ಮಡಿಚಿಟ್ಟು ನಾನೂ ಜಾತ್ರೆಗೆ ಹೋದೆ, ಬೆಂಡು ಬತ್ತಾಸು ಕೊಂಡೆ. ಪಶ್ಚಾತ್ತಾಪವಾಗಲಿಲ್ಲ.

ಲೆಕ್ಕಗಳನ್ನು ನಾನು ಹೆದರುತ್ತ ಆರಂಭಿಸಿ, ಕೊನೆಗೆ ಪ್ರೀತಿಸತೊಡಗಿದೆ. ಒಂದನ್ನು ಹೇಳಿದರೆ ಕೇಳುಗರಿಗೂ ರುಚಿಸೀತು. ಸಾವಿರಕ್ಕೆ ಒಬ್ಬರಿಗಿರುವ ಒಂದು ರೋಗವಿದೆ ಎಂದಿಟ್ಟುಕೊಳ್ಳಿ. ಅದನ್ನು ಹಿಡಿಯುವ ಒಂದು ರಕ್ತಪರೀಕ್ಷೆ ನೂರು ರೋಗಿಗಳಲ್ಲಿ 99 ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ. ನೂರು ಆರೋಗ್ಯವಂತರಲ್ಲಿ ಐವರಿಗೆ ಮಾತ್ರ ತಪ್ಪಾಗಿ ರೋಗವಿದೆ ಎನ್ನುತ್ತದೆ. ಒಳ್ಳೆಯ ಪರೀಕ್ಷೆಯೆಂದೇ ಯಾರೂ ಹೇಳುವರು. ಈಗ ಒಂದು ಲಕ್ಷ ಜನರನ್ನು ಪರೀಕ್ಷಿಸಿ. ರೋಗವಿರುವವರು 100, ಅವರಲ್ಲಿ 99 ಜನ ಸಿಕ್ಕುತ್ತಾರೆ. ರೋಗವಿಲ್ಲದ 99,900 ಜನರಲ್ಲಿ 4,995 ಮಂದಿಗೂ ರೋಗವಿದೆ ಎಂಬ ಚೀಟಿ ಬರುತ್ತದೆ. ಅಂದರೆ ಚೀಟಿ ಹಿಡಿದು ಅಳುತ್ತ ಮನೆಗೆ ಹೋಗುವ ನೂರು ಜನರಲ್ಲಿ ನಿಜವಾದ ರೋಗಿಗಳು ಇಬ್ಬರಿಗಿಂತ ತುಸು ಕಡಿಮೆ! ಪರೀಕ್ಷೆಯ ಗುಣವೊಂದೇ ಸಾಲದು, ಯಾವ ಜನರ ನಡುವೆ ಅದನ್ನು ಮಾಡುತ್ತೀರಿ ಎಂಬುದೂ ಮುಖ್ಯ. ಈ ಲೆಕ್ಕವನ್ನು ಮೊದಲ ಬಾರಿ ನಾನೇ ಬಿಡಿಸಿದ ರಾತ್ರಿ ಹೊರಗೆ ಬಂದು ಮಾಳಿಗೆಯ ಮೇಲೆ ಬಹಳ ಹೊತ್ತು ಅಡ್ಡಾಡಿದೆ.

ಇನ್ನು ಕಮಲಾಪುರಕ್ಕೆ ಬರುತ್ತೇನೆ.

ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ, ಮಹಾಗಾಂವ್ ಕ್ರಾಸ್ ದಾಟಿ ಮುಂದೆ ಹೋದರೆ ಕಮಲಾಪುರ. ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. 2017ರಲ್ಲಿ ಬೀದರಿನ ರೈಲುಮಾರ್ಗ ತೆರೆದ ಮೇಲೆ ರೈಲೂ ಉಂಟು. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಆ ಹಣ್ಣಿಗೆ ಭೌಗೋಳಿಕ ಸೂಚಿಯ ಮನ್ನಣೆಯೂ ಸಿಕ್ಕಿದೆ. ಹಿಂದೆ ಹೋಬಳಿಯಾಗಿದ್ದದ್ದು ಈಗ ತಾಲೂಕು. ಪರೀಕ್ಷೆಯ ಅಭ್ಯಾಸಕ್ಕಾಗಿ ಒಂದು ಕುಟುಂಬವನ್ನು ಆರಿಸಿಕೊಂಡು ಅದರ ವಿವರಗಳನ್ನು ಬರೆಯಬೇಕಾಗಿತ್ತು. ಊರಿನ ಅಂಚಿನ ಒಂದು ಮನೆ ನನಗೆ ದೊರೆಯಿತು. ಎಪ್ಪತ್ತು ದಾಟಿದ ಅತ್ತೆ, ಮಗ, ಐದು ತಿಂಗಳ ಗರ್ಭಿಣಿಯಾದ ಸೊಸೆ, ಮೂರು ವರ್ಷದ ಒಂದು ಹೆಣ್ಣುಕೂಸು. ಡಿಸೆಂಬರ್ ತಿಂಗಳು, ತೊಗರಿಯ ರಾಶಿಯ ಕಾಲ. ಮಗನೂ ಸೊಸೆಯೂ ಕೂಲಿಗೆ ಹೋಗುತ್ತಿದ್ದರು.

ನಾನು ಕ್ರಮವಾಗಿಯೇ ಬರೆದುಕೊಂಡೆ. ಮನೆಯ ಕೋಣೆ ಎಷ್ಟು, ಕಿಟಕಿ ಎಷ್ಟು, ಒಲೆ ಯಾವುದು, ತಿಂಗಳಿಗೆ ಜೋಳ ಎಷ್ಟು, ಬೇಳೆ ಎಷ್ಟು. ನೀರಿನ ಮೂಲ ಎಂಬಲ್ಲಿ 'ನಳ. ಸುರಕ್ಷಿತ' ಎಂದು ಬರೆದೆ. ಸೊಸೆಯ ರಕ್ತ ತೆಗೆದುಕೊಂಡೆ, ಎಂಟು ದಿನಗಳಲ್ಲಿ ಫಲಿತಾಂಶ ತಂದು ಹೇಳುತ್ತೇನೆ ಎಂದೆ. ಕಬ್ಬಿಣದ ಮಾತ್ರೆಗಳನ್ನು ಆಶಾ ಕಾರ್ಯಕರ್ತೆ ಕೊಟ್ಟಿದ್ದಳು. ಅವು ಟ್ರಂಕಿನಲ್ಲಿ ಹಾಗೇ ಇದ್ದವು. 'ಮಾತ್ರೆ ಸೇವನೆ: ಅನಿಯಮಿತ' ಎಂದು ಬರೆದೆ. ಅತ್ತೆಯ ವಿಷಯದಲ್ಲಿ 'ವೃದ್ಧೆ, ರಕ್ತದೊತ್ತಡ ತುಸು ಹೆಚ್ಚು, ಮೊಣಕಾಲು ನೋವು' ಎಂದಿಷ್ಟೇ.

ರಕ್ತದ ಫಲಿತಾಂಶ ಬಂತು. ಹಿಮೋಗ್ಲೋಬಿನ್ 7.4. ಗರ್ಭಿಣಿಯಲ್ಲಿ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ತೀವ್ರ. ನಾನು ಆ ಚೀಟಿಯನ್ನು ಕಡತಕ್ಕೆ ಅಂಟಿಸಿ, ಪಕ್ಕದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಅಂದವಾಗಿ ಬರೆದೆ. 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನರು ದೇಶದಲ್ಲಿ ನೂರಕ್ಕೆ 57, ಕರ್ನಾಟಕದಲ್ಲಿ 47.8, ಕರ್ನಾಟಕದಲ್ಲಿ ಹಿಂದಿನ ಸಮೀಕ್ಷೆಗಿಂತ ಹೆಚ್ಚಾಗಿದೆ. ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ. ಕಮಲಾಪುರಕ್ಕೆ ಹೋಗಲಿಲ್ಲ. ಆ ವಾರ ಸಾಂಕ್ರಾಮಿಕ ಶಾಸ್ತ್ರ ಮುಗಿಸಬೇಕಿತ್ತು. ಮರುವಾರ ಪ್ರಬಂಧದ ತಿದ್ದುಪಡಿ. ಅದರ ಮರುವಾರ ಮತ್ತೇನೋ.

ಫೆಬ್ರವರಿಯಲ್ಲಿ ವಿಭಾಗದಲ್ಲಿಯೇ ಒಂದು ಅಣಕು ಪರೀಕ್ಷೆ ಇಟ್ಟರು. ನಮ್ಮ ಹಿರಿಯ ಪ್ರಾಧ್ಯಾಪಕರು ಪರೀಕ್ಷಕರು. ಮೃದು ಮಾತಿನವರು, ಬೈದದ್ದನ್ನು ನಾನು ಕಂಡಿಲ್ಲ. ಕುಟುಂಬವನ್ನು ಕುರಿತು ಇಪ್ಪತ್ತು ನಿಮಿಷ ನಿರರ್ಗಳವಾಗಿ ಹೇಳಿದೆ. ಅವರು ಕೇಳಿದ್ದು ಸಣ್ಣ ಸಣ್ಣ ಪ್ರಶ್ನೆಗಳನ್ನು.

"ಈ ಮನಿಯೊಳಗ ಎಲ್ಲಾರಕಿಂತ ಮೊದಲು ಏಳವರು ಯಾರ್ರಿ?"

ನನಗೆ ತಿಳಿಯದು.

"ನಳದಾಗ ನೀರು ಯಾವಾಗ ಬರ್ತಾವ?"

ತಿಳಿಯದು.

"ಸೊಸಿ ಹಿಮೋಗ್ಲೋಬಿನ್ ಎಷ್ಟಂದ್ರಿ?"

7.4 ಎಂದೆ. ಇದು ತಿಳಿದಿತ್ತು.

"ಯಾವಾಗ ಮಾಡಿಸಿದ್ದು?"

ಡಿಸೆಂಬರ್‌ನಲ್ಲಿ.

"ಆಕಿಗೆ ಹೇಳೀರೇನು?"

ನಾನು ಸುಮ್ಮನಿದ್ದೆ. ಅವರೂ ಸುಮ್ಮನಿದ್ದರು. ಆಮೇಲೆ, ಸಂಬಂಧವೇ ಇಲ್ಲವೆಂಬಂತೆ, ತುಮಕೂರಿನ ಕಥೆ ಎತ್ತಿದರು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಹುಡುಕಿ ಮಾತನಾಡಿಸಿದರು. ಅವರ ಲೇಖನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯ ಜನ ಅಜ್ಞಾನಿಗಳು, ಕೆಮ್ಮು ಬಂದರೂ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ನಂಬಿಕೆ. ಇವರು ಕಂಡದ್ದೇ ಬೇರೆ. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಅವರ ಕಫವನ್ನು ಯಾರೂ ನೋಡಿರಲಿಲ್ಲ; ಕೆಮ್ಮಿನ ಔಷಧಿಯ ಒಂದು ಸೀಸೆ ಕೊಟ್ಟು ಕಳಿಸಿದ್ದರು. ಮುಂದೆ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ಈ ಅಧ್ಯಯನವೂ ಒಂದು ಆಧಾರವಾಯಿತು. ಇದು ನನ್ನ ಪುಸ್ತಕದಲ್ಲಿಯೂ ಇತ್ತು. ನಾನೂ ಅಡಿಗೆರೆ ಎಳೆದಿದ್ದೆ.

"ಜನ ಬರ್ತಾರ್ರಿ. ನಾವು ಇರಬೇಕು, ಅಷ್ಟೇ" ಎಂದು ಹೇಳಿ ಪ್ರಾಧ್ಯಾಪಕರು ಕನ್ನಡಕ ಒರೆಸಿಕೊಂಡರು. ನನ್ನ ಅಂಕಗಳನ್ನು ಹೇಳಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಹೊರಟೆ. ಬಸ್ಸಿನಲ್ಲಿ ಪುಸ್ತಕ ತೆಗೆಯಲಾಗಲಿಲ್ಲ. ಮನೆಯಲ್ಲಿ ಅತ್ತೆ ಒಬ್ಬಳೇ ಇದ್ದಳು. ಸೊಸೆ ನೀರಿಗೆ ಹೋಗಿದ್ದಳು. ಸ್ವಲ್ಪ ಹೊತ್ತಿಗೆ ಎರಡು ಕೊಡ ಹೊತ್ತು ಬಂದು, ಹೊಸ್ತಿಲ ಮೇಲೆ ಕುಳಿತು ಏದುಸಿರು ಬಿಟ್ಟಳು. ಏಳನೆಯ ತಿಂಗಳು. ಉಗುರು, ನಾಲಿಗೆ, ಕಣ್ಣಿನ ಒಳರೆಪ್ಪೆ ಎಲ್ಲವೂ ಕಾಗದದಂತೆ ಬಿಳುಪು. ಕ್ಷಮೆ ಕೇಳಬೇಕೆಂದುಕೊಂಡು ಹೋದವನಿಗೆ ಮಾತು ಹೊರಡಲಿಲ್ಲ. "ತಡಾ ಆತ್ರಿ ಸಾಹೇಬ್ರ" ಎಂದಳು ಮುದುಕಿ. ಅದು ಆಕ್ಷೇಪಣೆಯಾಗಿರಲಿಲ್ಲ, ಬಸ್ಸು ತಡವಾಯಿತೇ ಎಂದು ಕೇಳಿದಂತಿತ್ತು.

ಮಾತ್ರೆಗಳನ್ನು ಯಾಕೆ ನುಂಗಲಿಲ್ಲ ಎಂದು ಆ ದಿನ ಮೊದಲ ಸಲ ಕೇಳಿದೆ. ಹೇಳಿದ್ದು ಬಹಳ ಸರಳ. ನಸುಕಿನಲ್ಲಿ ಕೂಲಿಗೆ ಹೊರಡುವ ಮುಂಚೆ ಬರಿ ಹೊಟ್ಟೆಯಲ್ಲಿ ನುಂಗಿ, ಮೇಲೆ ಚಹಾ ಕುಡಿದು ಹೋಗುತ್ತಿದ್ದಳು. ಹೊಲದಲ್ಲಿ ವಾಂತಿಯಾಗುತ್ತಿತ್ತು. ಜತೆಯ ಹೆಂಗಸರು ನಕ್ಕರು. ಮುಕಾದಮ ಅರ್ಧ ಕೂಲಿ ಹಿಡಿದ. ಅರ್ಧ ಕೂಲಿಗೆ ಹೋಲಿಸಿದರೆ ಕೆಂಪು ಗುಳಿಗೆಯ ಬೆಲೆ ಎಷ್ಟು? ರಾತ್ರಿ ರೊಟ್ಟಿ ಉಂಡ ಮೇಲೆ ನುಂಗಬಹುದು, ಚಹಾ ಅದರ ಸತ್ವವನ್ನು ತಡೆಯುತ್ತದೆ ಎಂದು ಹೇಳಲು ಒಂದು ನಿಮಿಷ ಸಾಕಾಗಿತ್ತು. ಆ ನಿಮಿಷ ಡಿಸೆಂಬರ್‌ನಲ್ಲಿ ನನ್ನ ಬಳಿ ಇರಲಿಲ್ಲ.

ಅಂದು ರಕ್ತ ಪರೀಕ್ಷಿಸಿದರೆ 6.8. ಆ ಮಧ್ಯಾಹ್ನವೇ ಅವಳನ್ನು ಕಲಬುರಗಿಯ ಆಸ್ಪತ್ರೆಗೆ ಕರೆತಂದೆ. ನರದ ಮೂಲಕ ಕಬ್ಬಿಣಾಂಶ ಕೊಟ್ಟರು. ಒಂದು ಬಾಟಲಿ ರಕ್ತವನ್ನೂ ಏರಿಸಬೇಕಾಯಿತು.

ಆ ಅವಧಿಯಲ್ಲಿ ಆಸ್ಪತ್ರೆಯ ವರಾಂಡದಲ್ಲಿ ಮುದುಕಿಯ ಜತೆ ಕುಳಿತುಕೊಳ್ಳುವ ಅವಕಾಶ ನನಗೆ ಒದಗಿತು. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಕಾಲು ಚಾಚಿ ಕುಳಿತಾಗ ಸೀರೆ ತುಸು ಮೇಲೆ ಸರಿದಿತ್ತು. ಮೊಣಕಾಲಿನ ಕೆಳಗೆ ಮೂರು ಕಲೆಗಳು. ಬಟ್ಟೆಯನ್ನು ಸುಟ್ಟು ಸೇರಿಸಿ ಹೊಲಿದಂತೆ ಚರ್ಮ ಮುದುಡಿತ್ತು.

"ಏನಾಯಿ ಇದು?" ಎಂದೆ.

"ನಾರು" ಎಂದಳು.

ನಾರುಹುಣ್ಣು! ಆ ರೋಗದ ಬಗ್ಗೆ ನನಗೆ ಏನು ಗೊತ್ತಿರಲಿಲ್ಲ? ಹುಳುವಿನ ಲ್ಯಾಟಿನ್ ಹೆಸರು ಗೊತ್ತಿತ್ತು. ಹೆಣ್ಣುಹುಳು ಎರಡು ಮೂರು ಅಡಿ ಬೆಳೆಯುತ್ತದೆ. ರೋಗಿ ಮೆಟ್ಟಿಲು ಬಾವಿಗೆ ಇಳಿದಾಗ ಕಾಲಿನ ಹುಣ್ಣಿನಿಂದ ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲೋಪ್ಸ್ ಎಂಬ ಕಣ್ಣಿಗೆ ಕಾಣಿಸೀತೋ ಇಲ್ಲವೋ ಎಂಬಷ್ಟು ಸಣ್ಣ ಜಲಕೀಟ ಅವನ್ನು ನುಂಗುತ್ತದೆ. ಆ ನೀರು ಕುಡಿದವನ ಮೈಯಲ್ಲಿ ಹುಳು ಬೆಳೆದು, ಹೆಚ್ಚುಕಡಿಮೆ ಒಂದು ವರ್ಷದ ಮೇಲೆ ಹೊರಗೆ ತಲೆಹಾಕುತ್ತದೆ. ಭಾರತದ ನಿರ್ಮೂಲನ ಕಾರ್ಯಕ್ರಮ ಆರಂಭವಾದದ್ದು 1983-84ರಲ್ಲಿ. ಆಗ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಕೊನೆಯ ರೋಗಿ 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಮುಕ್ತವೆಂದು ಸಾರಿದ್ದು 2000ದ ಫೆಬ್ರವರಿಯಲ್ಲಿ. ಇವೆಲ್ಲ ಬಾಯಿಪಾಠ. ಆದರೆ ಡಿಸೆಂಬರ್‌ನಲ್ಲಿ ಈ ಕಾಲುಗಳ ಎದುರು ಎರಡು ಗಂಟೆ ಕುಳಿತು 'ಮೊಣಕಾಲು ನೋವು' ಎಂದು ಬರೆದುಕೊಂಡು ಬಂದಿದ್ದೆ.

ಮುದುಕಿ ಹೇಳುತ್ತ ಹೋದಳು. "ನಾರು ಬಂತಂದ್ರ ಎರಡ ತಿಂಗಳ ಹಾಸಗಿ ಹಿಡದಂಗ್ರಿ. ಮಳಿಗಾಲದ ಮುಂದ, ಬಿತ್ತೋ ಹೊತ್ತಿನಾಗ ಬರ್ತಿತ್ತು. ಒಂದ ಕಡ್ಡಿಗಿ ಸುತ್ತಿ ದಿನಾ ಒಂದೀಟ ಒಂದೀಟ ಜಗ್ಗಬೇಕು. ಅವಸರ ಮಾಡಿದ್ರ ಹರೀತದ. ಹರಿದ್ರ ಕಾಲೇ ಹೋತು." ಆಕೆಯ ಗಂಡನಿಗೆ ಹಾಗೆಯೇ ಹರಿದು, ಕೀವಾಗಿ, ಕಾಲು ಸೊಟ್ಟಗಾಗಿ ಉಳಿಯಿತಂತೆ. ಆ ವರ್ಷ ಬಿತ್ತನೆಯಾಗಲಿಲ್ಲ. ತವರಿನಿಂದ ಜೋಳ ಬಂತು.

ಮತ್ತೆ ಹೋದದ್ದು ಹೇಗೆ ಎಂದು ಕೇಳಿದೆ. ಜನ ಬಂದರು ಎಂದಳು. ಮನೆ ಮನೆ ತಿರುಗಿ ಯಾರ ಕಾಲಿನಲ್ಲಿ ನಾರು ಇದೆ ಎಂದು ಬರೆದುಕೊಂಡರು. ಬಾವಿಗೆ ಏನೋ ಔಷಧಿ ಹಾಕಿದರು. ಮೆಟ್ಟಿಲುಗಳನ್ನು ಮುಚ್ಚಿ ಮೇಲೆ ಕಟ್ಟೆ ಕಟ್ಟಿಸಿದರು, ಹಗ್ಗದಿಂದ ಸೇದಬೇಕಾಯಿತು. ಕೈಪಂಪು ಬಂದಿತು. ನೀರನ್ನು ಎರಡು ಪದರ ಅರಿವೆಯಲ್ಲಿ ಸೋಸಿ ಕುಡಿಯಿರಿ ಎಂದರು. "ಮಾವ ಬೈದ, ದೇವರ ಬಾವಿ ನೀರು ಸೋಸ್ತಿ ಏನು ಅಂತ. ನಾ ಅವ ಹೊಲಕ್ಕ ಹೋದ ಮ್ಯಾಲ ಸೋಸ್ತಿದ್ದೆ. ಹಳಿ ಸೀರಿ ಸೆರಗಲೆ. ಮೂರ್ ವರ್ಷ ಸೋಸೀನಿ."

ಬೇಸಿಗೆಯಲ್ಲಿ ಪರೀಕ್ಷೆ ಬಂದಿತು. ನಾಲ್ಕು ಪತ್ರಿಕೆಗಳನ್ನು ಹೇಗೋ ಬರೆದೆ. ಅವುಗಳ ಬಗ್ಗೆ ಹೇಳುವಂಥದು ಏನೂ ಇಲ್ಲ. ಪ್ರಾಯೋಗಿಕದ ದಿನ ಮೇಜಿನ ಮೇಲಿನ ಒಂದು ಸೀಸೆಯಲ್ಲಿ, ಹಳದಿಗಟ್ಟಿದ ದ್ರವದಲ್ಲಿ, ಬಿಳಿಯ ದಾರದಂಥದೊಂದು ಸುರುಳಿ ಸುತ್ತಿಕೊಂಡಿತ್ತು. ಗಂಟೆ ಬಾರಿಸುವಷ್ಟರಲ್ಲಿ ಎರಡು ನಿಮಿಷ. ಲ್ಯಾಟಿನ್ ಹೆಸರು, 1996, 2000 ಎಂದು ಎಲ್ಲರೂ ಬರೆದಂತೆ ನಾನೂ ಬರೆದು ಮುಂದಿನ ಮೇಜಿಗೆ ಹೋದೆ.

ಮೌಖಿಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಆ ಸೀಸೆಯನ್ನೇ ತರಿಸಿದರು. "ಇದು ಹೋದದ್ದು ಯಾವ ಔಷಧಿಯಿಂದ?" ಎಂದರು.

ಇದಕ್ಕೆ ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ ಎಂದೆ.

"ಹಾಗಾದರೆ?"

ನಾನು ಮುದುಕಿಯ ಕಥೆ ಹೇಳಿದೆ. ಮಾವನ ಕಣ್ಣು ತಪ್ಪಿಸಿ ಸೀರೆಯ ಸೆರಗಿನಲ್ಲಿ ನೀರು ಸೋಸಿದ್ದನ್ನೂ, ಬಾವಿಯ ಮೆಟ್ಟಿಲು ಮುಚ್ಚಿದ್ದನ್ನೂ, ನೀರಿಗೆ ಔಷಧಿ ಹಾಕಿದ್ದನ್ನೂ ಹೇಳಿದೆ. ತುಸು ಹೆಚ್ಚೇ ಹೇಳಿದೆನೆಂದು ತೋರುತ್ತದೆ. ಪರೀಕ್ಷಕರ ಮುಖದಲ್ಲಿ ಏನೂ ಕಾಣಿಸಲಿಲ್ಲ.

"ಬಟ್ಟೆ ಎಷ್ಟು ಪದರ?" ಎಂದರು.

"ಎರಡು."

"ಬಾವಿಗೆ ಹಾಕಿದ್ದು?"

"ಟೆಮಿಫಾಸ್."

"ಹೋಗಿ."

ಹೆರಿಗೆ ಅದಕ್ಕೆ ಮೊದಲೇ, ಏಪ್ರಿಲ್‌ನಲ್ಲಿ ಆಗಿತ್ತು. ಗಂಡುಕೂಸು, ತೂಕ 2.1 ಕಿಲೋ. ಎರಡೂವರೆ ಕಿಲೋ ಇರಬೇಕಾಗಿತ್ತು. ಆ ನಾನೂರು ಗ್ರಾಂ ಕೊರತೆಯಲ್ಲಿ ನನ್ನ ಏಳು ವಾರಗಳ ಪಾಲೆಷ್ಟು ಎಂಬ ಲೆಕ್ಕವನ್ನು ಯಾವ ಸಂಖ್ಯಾಶಾಸ್ತ್ರದಿಂದಲೂ ಬಿಡಿಸಲು ಬರುವುದಿಲ್ಲ. ಬಿಡಿಸಲು ಹಲವು ರಾತ್ರಿ ಯತ್ನಿಸಿದ್ದೇನೆ.

ಫಲಿತಾಂಶ ಬಂದ ಮರುವಾರ ಕಮಲಾಪುರಕ್ಕೆ ಹೋದೆ. ಕೂಸು ಅಂಗಳದ ಜೋಳಿಗೆಯಲ್ಲಿ ಮಲಗಿತ್ತು, ಮೈ ಹಿಡಿಯತೊಡಗಿತ್ತು. ಪಾಸಾಯಿತೆಂದು ಹೇಳಿ ಪೇಢೆಯ ಡಬ್ಬಿ ಕೊಟ್ಟೆ. ಮುದುಕಿ ಡಬ್ಬಿಯನ್ನು ಒಳಗಿಟ್ಟು ಬಂದು, "ಮತ್ತ ಈಗೇನ ಬರಕೊಳ್ಳಾಕ ಬಂದೀರಿ?" ಎಂದು ಕೇಳಿದಳು. ನಳದಲ್ಲಿ ನೀರು ಯಾವಾಗ ಬರುತ್ತದೆ ಎಂದೆ.

"ನಾಕ ದಿನಕ್ಕೊಮ್ಮಿ. ನಸುಕಿನ ಮೂರಕ್ಕ. ಒಂದ ತಾಸು ಸೈತ ಬರಂಗಿಲ್ಲ" ಎಂದಳು. "ಸೊಸಿ ಏಳ್ತಾಳ."

ಬರೆದುಕೊಂಡೆ.